ಪಿಸಿಓಎಸ್: ಸಂಬಂಧದ ಚಿಂತೆಗಿಂತ ಮೊದಲು ಸಕ್ಕರೆ ಪರೀಕ್ಷೆ

ಮಗಳ ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿದೆ, ಮುಖದಲ್ಲಿ ರೋಮ ಹೆಚ್ಚುತ್ತಿದೆ ಎಂದು ತಿಳಿದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, 'ಯಾರಿಗೂ ಹೇಳಬೇಡ, ಸಂಬಂಧ ತಪ್ಪಿಹೋದೀತು' ಎಂಬುದು. ಮದುವೆಯಾದ ಮೇಲೆ ಮಕ್ಕಳಾಗಲಿಲ್ಲವೆಂಬ ಚಿಂತೆ. ಈ ಎರಡು ಚಿಂತೆಗಳ ನಡುವೆ ಆಕೆಯ ಆರೋಗ್ಯವನ್ನು ನಾವು ಮರೆತುಬಿಡುತ್ತೇವೆ.

ಪಿಸಿಓಎಸ್ ಕೇವಲ ಅಂಡಾಶಯದ ತೊಂದರೆಯಲ್ಲ. ಇದಿರುವ ಅನೇಕ ಮಹಿಳೆಯರ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡಲು ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಅಂಡಾಶಯದಲ್ಲಿ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ಮುಟ್ಟು ತಪ್ಪುವುದಕ್ಕೂ ರೋಮ ಬೆಳೆಯುವುದಕ್ಕೂ ಇದೇ ಮುಖ್ಯ ಕಾರಣ. ಇವರಿಗೆ ಮುಂದೆ ಟೈಪ್ 2 ಮಧುಮೇಹ, ರಕ್ತದೊತ್ತಡ, ಕೊಲೆಸ್ಟ್ರಾಲ್ ಬರುವ ಸಾಧ್ಯತೆ ಹೆಚ್ಚು. ಗರ್ಭಿಣಿಯಾದಾಗಲೂ ಸಕ್ಕರೆ ಏರಬಹುದು. ತೆಳ್ಳಗಿರುವವರೂ ಇದಕ್ಕೆ ಹೊರತಲ್ಲ.

ಆದ್ದರಿಂದ 2023ರ ಅಂತಾರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯು, ತೂಕ ಎಷ್ಟೇ ಇರಲಿ, ಪಿಸಿಓಎಸ್ ಪತ್ತೆಯಾದಾಗಲೇ ಸಕ್ಕರೆ ಪರೀಕ್ಷೆ ಮಾಡಿಸಬೇಕು, ಬಳಿಕ 1ರಿಂದ 3 ವರ್ಷಗಳಿಗೊಮ್ಮೆ ಮತ್ತೆ ಮಾಡಿಸಬೇಕು ಎನ್ನುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಹೆಚ್ಚು ನಂಬಲರ್ಹ. ರಕ್ತದೊತ್ತಡವನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವುದು, ಮೈದಾ, ಸಿಹಿ ಪಾನೀಯಗಳನ್ನು ಕಡಿಮೆ ಮಾಡುವುದು ಪ್ರಯೋಜನಕಾರಿ.

ಮನೆಯ ಗಂಡಸರಲ್ಲಿ ನಮ್ಮದೊಂದು ವಿನಂತಿ: ಹೆಣ್ಣುಮಕ್ಕಳು ನಡೆಯಲು ಹೊರಟರೆ ತಡೆಯದಿರೋಣ, ಪರೀಕ್ಷೆಯ ಖರ್ಚನ್ನು ದುಂದೆನ್ನದಿರೋಣ. ದುಆ ಕೇಳಲು ಬರುವ ತಾಯಂದಿರಿಗೆ ನಾವು ಹೇಳುವುದೂ ಇಷ್ಟೇ: ದುಆ ಮಾಡೋಣ, ಮಗಳನ್ನು ವೈದ್ಯರ ಬಳಿಗೂ ಕರೆದುಕೊಂಡು ಹೋಗಿ.