ಪೆಟ್ರೋಲು ಬಿಟ್ಟು ವಿದ್ಯುತ್ತು: ನಾಲ್ಕು ತಾಲೂಕುಗಳ ಲೆಕ್ಕ

ವಿದ್ಯುತ್ತಿನಿಂದ ಓಡುವ ಗಾಡಿಯು ಈ ಶತಮಾನದ ಹೊಸ ಸೃಷ್ಟಿಯೆಂದು ಹಲವರು ಭಾವಿಸಿರುವರು. ವಾಸ್ತವವು ಹಾಗಿಲ್ಲ. 1899ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ ಎಂಬಾತನು ಪ್ಯಾರಿಸ್ ನಗರದ ಸಮೀಪದಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಿಂದ ಗಾಡಿಯೊಂದನ್ನು ಓಡಿಸಿದನು. ರಸ್ತೆಯ ವಾಹನವೊಂದು ಆ ಮೇರೆಯನ್ನು ದಾಟಿದುದು ಅದೇ ಮೊದಲು. ಆ ಗಾಡಿಯಲ್ಲಿ ಪೆಟ್ರೋಲು ಒಂದು ಹನಿಯೂ ಇರಲಿಲ್ಲ. ಅದನ್ನು ಓಡಿಸಿದುದು ಬ್ಯಾಟರಿ. ಮುಂದೆ ಪೆಟ್ರೋಲು ಅಗ್ಗವಾಯಿತು. 1912ರ ಹೊತ್ತಿಗೆ ಎಂಜಿನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವ ಕಷ್ಟವೂ ತಪ್ಪಿತು. ವಿದ್ಯುತ್ ಗಾಡಿಯು ಮೂಲೆ ಸೇರಿತು. ಅದು ಮರಳಿ ರಸ್ತೆಗಿಳಿಯಲು ಹಗುರವಾದ ಲಿಥಿಯಂ ಅಯಾನು ಬ್ಯಾಟರಿಯು ಬರಬೇಕಾಯಿತು. ಅದು ಪೇಟೆಗೆ ಬಂದುದು 1991ರಲ್ಲಿ. ಅದನ್ನು ಸಾಧಿಸಿದ ಮೂವರಿಗೆ ನೊಬೆಲ್ ಬಹುಮಾನವು ದೊರೆತುದು 2019ರಲ್ಲಿ. ನಮ್ಮ ನಾಡೂ ಈ ಕಥೆಯಿಂದ ಹೊರಗುಳಿದಿಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು 2017ರಲ್ಲಿ ಹೊರಡಿಸಿದ ಕರ್ನಾಟಕವು ಈ ಕಾರ್ಯದಲ್ಲಿ ದೇಶದ ರಾಜ್ಯಗಳಿಗೆ ಮೊದಲಿಗನು.

ಆದರೆ ಬೆಂಗಳೂರಿಗೆ ಒಪ್ಪುವುದೆಲ್ಲವೂ ಹಾವೇರಿ ಜಿಲ್ಲೆಗೆ ಒಪ್ಪಬೇಕೆಂಬ ನಿಯಮವಿಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಕಾರಿಗಿಂತ ಫಟಫಟಿಯೂ ಟಂಟಂ ಗಾಡಿಯೂ ಜನಜೀವನಕ್ಕೆ ಹತ್ತಿರವಾದವು. ಸವಣೂರಿನ ವೀಳ್ಯದೆಲೆ ಬಾಡುವ ಮುನ್ನ ಪೇಟೆ ಸೇರಬೇಕು. ಹಾಲಿನ ಕ್ಯಾನು ಬಿಸಿಲೇರುವ ಮುನ್ನ ಡೇರಿ ಮುಟ್ಟಬೇಕು. ಹಾನಗಲ್ಲಿನಿಂದ ಹಾವೇರಿಗೆ ನೌಕರಿಗೆಂದು ಹೋಗುವವರು ಸುಮಾರು 35 ಕಿಲೋಮೀಟರನ್ನು ದಿನವೂ ಎರಡು ಸಲ ಕ್ರಮಿಸಬೇಕು. ಇಂಥವರು ಲಕ್ಷ ರೂಪಾಯಿಯ ಸಾಲವೆತ್ತಿ ವಿದ್ಯುತ್ ಸ್ಕೂಟರು ಕೊಳ್ಳುವುದೋ ಬಿಡುವುದೋ ಎಂದು ಯೋಚಿಸುವಾಗ ಅವರ ಮುಂದಿರುವುದು ಜಗತ್ತಿನ ಹವೆಯ ಪ್ರಶ್ನೆಯಲ್ಲ, ಮನೆಯ ಕಂತಿನ ಪ್ರಶ್ನೆ. ಎರಡನ್ನೂ ನಾವು ಒಂದೇ ಅಳತೆಗೋಲಿನಿಂದ ನೋಡಬಹುದು. ಆ ಅಳತೆಗೋಲು ಯಾವುದೆಂದರೆ, ಮನೆಯ ಮೀಟರು ತೋರಿಸುವ ಯೂನಿಟ್ಟು.

ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್ಟು. ಲೀಟರಿಗೆ 50 ಕಿಲೋಮೀಟರು ಓಡುವ ಸ್ಕೂಟರು ಪ್ರತಿ ಕಿಲೋಮೀಟರಿಗೆ 180 ವಾಟ್-ಗಂಟೆಗಳಷ್ಟು ಶಕ್ತಿಯನ್ನು ಸುಟ್ಟಿತೆಂದಾಯಿತು. ಅದೇ ತೂಕದ ವಿದ್ಯುತ್ ಸ್ಕೂಟರಿಗೆ ಗೋಡೆಯ ಪ್ಲಗ್ಗಿನಿಂದ ಎಳೆದುಕೊಂಡ 35 ವಾಟ್-ಗಂಟೆ ಸಾಕು. ಅಂದರೆ ಐದನೆಯ ಒಂದು ಪಾಲು. ಸವಾರನು ಅವನೇ, ರಸ್ತೆಯೂ ಅದೇ. ಉಳಿದ ನಾಲ್ಕು ಪಾಲು ಎಲ್ಲಿ ಹೋಯಿತು?

ಅದು ಶಾಖವಾಗಿ ಹೋಯಿತು. ಪೆಟ್ರೋಲ್ ಎಂಜಿನು ಮೂಲತಃ ಒಂದು ಉಷ್ಣಯಂತ್ರ. ಮೊದಲು ಉರಿಸಿ ಶಾಖವನ್ನು ಪಡೆದು, ಆ ಶಾಖದ ಒಂದಂಶವನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಶಾಖವನ್ನು ಪೂರ್ತಿಯಾಗಿ ಕೆಲಸವಾಗಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲವೆಂದು ಫ್ರಾನ್ಸಿನ ಸಾದಿ ಕಾರ್ನೋ 1824ರಷ್ಟು ಹಿಂದೆಯೇ ದಾರಿ ತೋರಿದನು. ಇದು ಎಂಜಿನು ಕಟ್ಟಿದವನ ಅಸಡ್ಡೆಯಲ್ಲ. ನಿಸರ್ಗವು ವಿಧಿಸಿದ ಸುಂಕ. ಬಿಸಿಯಾದ ಸೈಲೆನ್ಸರು, ಹೊಗೆ, ಸಿಗ್ನಲ್ಲಿನಲ್ಲಿ ನಿಂತಾಗಲೂ ಗುಡುಗುಡು ತಿರುಗುವ ಎಂಜಿನು, ಇವೆಲ್ಲ ಆ ಸುಂಕದ ರಸೀದಿಗಳು. ವಿದ್ಯುತ್ ಮೋಟಾರು ಉಷ್ಣಯಂತ್ರವಲ್ಲ. ಅಯಸ್ಕಾಂತ ಬಲದಿಂದ ನೇರವಾಗಿ ತಿರುಗುವ ಅದು ತನಗೆ ದೊರೆತ ಶಕ್ತಿಯಲ್ಲಿ ನೂರಕ್ಕೆ 85ರಿಂದ 90ರಷ್ಟನ್ನು ಚಲನೆಯಾಗಿಸಬಲ್ಲುದು. ಇಳಿಜಾರಿನಲ್ಲಿ ಅದೇ ಮೋಟಾರು ಡೈನಮೋ ಆಗಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸ್ಕೂಟರಿನಲ್ಲಿ ಈ ಲಾಭವು ಅಲ್ಪ. ಬಸ್ಸಿನಂಥ ಭಾರವಾದ ಗಾಡಿಯಲ್ಲಿ ಹೆಚ್ಚು.

ಇಲ್ಲಿಗೇ ಲೆಕ್ಕವನ್ನು ಮುಚ್ಚುವವರುಂಟು. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಪ್ಲಗ್ಗಿಗೆ ಬಂದ ವಿದ್ಯುತ್ತು ಎಲ್ಲಿ ಹುಟ್ಟಿತೆಂದು ಕೇಳಲೇಬೇಕು. ಅದು ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲಿನಿಂದ ಹುಟ್ಟಿದ್ದರೆ, ಕಾರ್ನೋ ಹೇಳಿದ ಸುಂಕವು ತಪ್ಪಿಲ್ಲ. ಕಟ್ಟುವ ಸ್ಥಳವು ಮಾತ್ರ ಬದಲಾಗಿದೆ. ಕಲ್ಲಿದ್ದಲಿನ 100 ಪಾಲು ಶಕ್ತಿಯಲ್ಲಿ ವಿದ್ಯುತ್ತಾಗುವುದು ಸುಮಾರು 35. ತಂತಿಗಳಲ್ಲಿ ಸೋರಿ ಮನೆ ಮುಟ್ಟುವುದು 30. ಚಾರ್ಜರು, ಬ್ಯಾಟರಿ, ಮೋಟಾರುಗಳನ್ನು ದಾಟಿ ಚಕ್ರಕ್ಕೆ ತಲುಪುವುದು 23 ಅಥವಾ 24. ಕಾರಿನ ಒಳ್ಳೆಯ ಪೆಟ್ರೋಲ್ ಎಂಜಿನಿನ ಸಾಧನೆಯೂ ಇದರ ಆಸುಪಾಸಿನಲ್ಲಿಯೇ ಇದೆ! ಬರಿಯ ಕಲ್ಲಿದ್ದಲಿನಿಂದ ಓಡುವ ವಿದ್ಯುತ್ ಗಾಡಿಯು ಊರೊಳಗಿನ ಹೊಗೆಯನ್ನು ನಿಲ್ಲಿಸೀತು. ಭೂಮಿಯ ಒಟ್ಟು ಹೊಗೆಯನ್ನು ಹೆಚ್ಚೇನೂ ತಗ್ಗಿಸದು.

ಆದರೆ ನಮ್ಮ ತಂತಿಯಲ್ಲಿ ಹರಿಯುವುದು ಬರಿಯ ಕಲ್ಲಿದ್ದಲಲ್ಲ. ಹಿರೇಕೆರೂರಿನ ನೈರುತ್ಯಕ್ಕೆ, ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರವೊಂದರ ಸಾಮರ್ಥ್ಯವೇ 1,035 ಮೆಗಾವಾಟು. ಬೀಳುವ ನೀರು ಚಕ್ರವನ್ನು ತಿರುಗಿಸುವಲ್ಲಿ ಉರಿಯ ಮಧ್ಯಸ್ಥಿಕೆಯಿಲ್ಲ. ಆದುದರಿಂದ ಸುಂಕವೂ ಇಲ್ಲ. ನೀರಿನ ಶಕ್ತಿಯಲ್ಲಿ ನೂರಕ್ಕೆ 90ರಷ್ಟು ದಕ್ಕುತ್ತದೆ. ಪಾವಗಡದ 2,050 ಮೆಗಾವಾಟಿನ ಸೌರ ಕ್ಷೇತ್ರವನ್ನೂ ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಇಡೀ ದೇಶದ ಸರಾಸರಿಯನ್ನೇ ಹಿಡಿದರೂ, ಒಂದು ಯೂನಿಟ್ಟು ಉತ್ಪಾದಿಸುವಲ್ಲಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ತಂತಿಯ ಸೋರಿಕೆಯನ್ನು ಸೇರಿಸಿ ಮನೆಯಲ್ಲಿ 0.8 ಎನ್ನೋಣ. ವಿದ್ಯುತ್ ಸ್ಕೂಟರಿನ ಪಾಲಿಗೆ ಇದು ಕಿಲೋಮೀಟರಿಗೆ 28 ಗ್ರಾಂ. ಲೀಟರು ಪೆಟ್ರೋಲು ಉರಿದಾಗ ಹೊರಡುವುದು 2.3 ಕಿಲೋಗ್ರಾಂ, ಪೆಟ್ರೋಲ್ ಸ್ಕೂಟರಿನ ಪಾಲು 46 ಗ್ರಾಂ. ಉಳಿತಾಯ 18 ಗ್ರಾಂ. ಬ್ಯಾಟರಿಯ ತಯಾರಿಕೆಯಲ್ಲಿಯೂ ಹೊಗೆಯುಂಟು: 3 ಯೂನಿಟ್ಟು ಹಿಡಿಯುವ ಬ್ಯಾಟರಿಗೆ 240 ಕಿಲೋಗ್ರಾಮಿನಷ್ಟೆಂದು ಎಣಿಸಿದರೆ, ಆ ಸಾಲ ತೀರಲು ಸುಮಾರು 13,000 ಕಿಲೋಮೀಟರು ಓಡಬೇಕು. ದಿನಕ್ಕೆ 40 ಕಿಲೋಮೀಟರು ತಿರುಗುವ ಹಾಲಿನವನು ಒಂದು ವರ್ಷದ ಚಿಲ್ಲರೆ ಕಾಲದಲ್ಲಿ ಅದನ್ನು ತೀರಿಸುತ್ತಾನೆ. ಸಂತೆಗೂ ಮದುವೆಗೂ ಮಾತ್ರ ಗಾಡಿ ಹೊರಡಿಸುವವನು ಐದಾರು ವರ್ಷವಾದರೂ ತೀರಿಸಲಾರನು.

ಹಣದ ಲೆಕ್ಕವೂ ಇದೇ ಜಾಡಿನಲ್ಲಿ ಸಾಗುತ್ತದೆ. ಹಾಲಿನವನು ವರ್ಷಕ್ಕೆ 300 ದಿನ ಓಡಿದರೆ 12,000 ಕಿಲೋಮೀಟರು. ಲೀಟರಿಗೆ 100 ರೂಪಾಯಿಯಂತೆ ಪೆಟ್ರೋಲಿಗೆ 24,000 ರೂಪಾಯಿ. ವಿದ್ಯುತ್ತಾದರೆ 420 ಯೂನಿಟ್ಟು, ಯೂನಿಟ್ಟಿಗೆ 6 ರೂಪಾಯಿಯಂತೆ 2,520. ವರ್ಷಕ್ಕೆ 21,000ಕ್ಕಿಂತ ಹೆಚ್ಚು ಕೈಯಲ್ಲಿ ಉಳಿಯಿತು. ಅದರಲ್ಲಿ ಒಂದಂಶವನ್ನು ಬ್ಯಾಟರಿ ಬದಲಿಸುವ ದಿನಕ್ಕೆಂದು ತೆಗೆದಿಟ್ಟರೂ ನಷ್ಟವಿಲ್ಲ. ದಿನಕ್ಕೆ 8 ಕಿಲೋಮೀಟರು ಮಾತ್ರ ಓಡುವವನಿಗೆ ಉಳಿಯುವುದು 4,300 ರೂಪಾಯಿ. ಅವನ ಹಳೆಯ ಸ್ಕೂಟರು ಗಟ್ಟಿಯಾಗಿದ್ದರೆ ಸಾಲ ಮಾಡುವ ಗೊಡವೆಗೆ ಹೋಗದಿರುವುದು ಒಳ್ಳೆಯದು. ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಇಷ್ಟೊಂದು ಗಾಡಿಗಳಿಗೆ ಕರೆಂಟು ಎಲ್ಲಿಂದ ಬರಬೇಕು, ಪಂಪಿಗೇ ಸಾಲುವುದಿಲ್ಲವಲ್ಲ ಎಂದು ರೈತರು ಕೇಳುವುದು ಸಹಜ. ಹೋಲಿಸಿ ನೋಡೋಣ. ಕೊಳವೆಬಾವಿಯ 5 ಅಶ್ವಶಕ್ತಿಯ ಪಂಪು ಒಂದು ಗಂಟೆ ನಡೆದರೆ 4 ಯೂನಿಟ್ಟಿಗಿಂತ ಹೆಚ್ಚೇ ಬೇಕು. ಅಷ್ಟರಲ್ಲಿ ಸ್ಕೂಟರು 100 ಕಿಲೋಮೀಟರನ್ನೂ ದಾಟಿ ಹೋದೀತು. ಶಕ್ತಿಯ ಮೊತ್ತವು ತೊಡಕಲ್ಲ, ತೊಡಕಿರುವುದು ಹೊತ್ತಿನಲ್ಲಿ. ಸಣ್ಣ ಊರುಗಳ ಟ್ರಾನ್ಸ್‌ಫಾರ್ಮರು ಹಲವೆಡೆ 25 ಕೆ.ವಿ.ಎ. ಮಾತ್ರ. ಸಂಜೆ 7 ಗಂಟೆಗೆ ದೀಪ, ಟಿ.ವಿ., ಮಿಕ್ಸರುಗಳ ಜೊತೆಗೆ 20 ಸ್ಕೂಟರುಗಳು, ಒಂದೊಂದು 750 ವಾಟಿನಂತೆ, ಒಮ್ಮೆಗೇ ಚಾರ್ಜಿಗೆ ಕುಳಿತರೆ ಹೆಚ್ಚುವರಿ ಹೊರೆ 15 ಕಿಲೋವಾಟು. ಆ ಟ್ರಾನ್ಸ್‌ಫಾರ್ಮರು ಇದನ್ನು ಬಹುಕಾಲ ತಾಳಲಾರದು. ಅದೇ ಗಾಡಿಗಳು ಹಗಲು 11 ಗಂಟೆಯಿಂದ 3ರವರೆಗೆ ಶಾಲೆ, ಕಚೇರಿ, ಅಂಗಡಿಗಳ ಮುಂದೆ ಸುಮ್ಮನೆ ನಿಂತಿರುತ್ತವೆ. ಸೂರ್ಯನ ವಿದ್ಯುತ್ತು ಧಾರಾಳವಾಗಿರುವುದೂ ಆಗಲೇ. ಶಿಗ್ಗಾವಿಯ ಅಥವಾ ಹಿರೇಕೆರೂರಿನ ತಾಲೂಕು ಕಚೇರಿಯ ಆವರಣದಲ್ಲಿ ನೆರಳಿಗೆಂದು ಹೊದಿಸುವ ತಗಡಿನ ಜಾಗದಲ್ಲಿ ಸೌರಫಲಕ ಹೊದಿಸಿ, ಕೆಳಗೆ ಹತ್ತು ಪ್ಲಗ್ಗುಗಳನ್ನಿಟ್ಟರೆ ಎರಡು ಕೆಲಸವಾಗುತ್ತದೆ. ನೆರಳು ಅಲಂಕಾರವಲ್ಲ, ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. 2022ರ ಬೇಸಗೆಯಲ್ಲಿ ದೇಶದ ಕೆಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿಯ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಲಾಯಿತು. ಏಪ್ರಿಲಿನ ಬಿಸಿಲಲ್ಲಿ ಓಡಿ ಬಂದ ಗಾಡಿಯನ್ನು ತಣಿಯಗೊಡದೆ ಚಾರ್ಜಿಗೆ ಹಚ್ಚುವ ರೂಢಿಯು ಆಯುಷ್ಯವನ್ನು ಕುಗ್ಗಿಸುತ್ತದೆ.

ಸರಕಿನ ಗಾಡಿಗಳ ವಿಷಯ ಬೇರೆ. ಸವಣೂರಿನ ಎಲೆಯ ಬುಟ್ಟಿಗಳನ್ನು ಹಾವೇರಿಗೆ ಒಯ್ದು ಮರಳುವ ಟಂಟಂ ಗಾಡಿಗೆ ಒಂದೇ ಚಾರ್ಜು ಸಾಕಾಗುತ್ತದೆ. ಇಲ್ಲಿ ವಿದ್ಯುತ್ತಿಗೆ ಎದುರಿಲ್ಲ. ಹಾನಗಲ್ಲಿನ ಆಪೂಸು ಮಾವನ್ನು ಹುಬ್ಬಳ್ಳಿಯ ಅಮರಗೋಳದ ಪೇಟೆಗೆ ಸಾಗಿಸುವುದಾದರೆ ಹೋಗಿಬರುವ ದಾರಿ 150 ಕಿಲೋಮೀಟರಿನ ಆಚೀಚೆ. ಹೊರೆ ಹೊತ್ತ ಮೂರುಗಾಲಿಯ ವಿದ್ಯುತ್ ಗಾಡಿಗೆ ಇದು ಒಂದೇ ಉಸಿರಿನಲ್ಲಿ ಮುಗಿಯುವ ಓಟವಲ್ಲ. ಸವಾಲು ನಡೆದು ಮಾಲು ಇಳಿಯುವ ಎರಡು ಮೂರು ಗಂಟೆಗಳಲ್ಲಿ ಪೇಟೆಯ ಆವರಣದಲ್ಲಿಯೇ ಚಾರ್ಜಾಗುವಂತಿದ್ದರೆ ಮರಳುವ ಚಿಂತೆಯಿಲ್ಲ. ಅಂಥ ಪ್ಲಗ್ಗು ಖಾತರಿಯಾಗಿ ಸಿಗುವವರೆಗೆ ಮಾವಿನ ತೋಟದವರು ಡೀಸೆಲ್ ಗಾಡಿಯನ್ನು ಇಟ್ಟುಕೊಂಡಿರುವುದರಲ್ಲಿ ತಪ್ಪೇನೂ ಕಾಣದು.