ಹೊಲದ ಕೆಲಸವನ್ನು ತೋರಿಸಿ ಕಲಿಸುವ ಕ್ರಮ

ವ್ಯವಸಾಯದಲ್ಲಿ ಹೊಸ ಕ್ರಮವೊಂದು ಕೈಗೂಡದೆ ಹೋದಾಗ ಜನರು ಸಾಮಾನ್ಯವಾಗಿ ಭೂಮಿಯನ್ನೋ ಬೀಜವನ್ನೋ ಮಳೆಯನ್ನೋ ದೂರುವರು. ಇವುಗಳಲ್ಲಿ ದೋಷವಿರುವುದೂ ಉಂಟು. ಆದರೆ ಇವೆಲ್ಲವೂ ನೆಟ್ಟಗಿರುವಾಗಲೂ ಕೆಲಸವು ಕೆಡುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವೇನೆಂದರೆ, ಸಭೆಗೆ ಹೋಗಿ ಹೊಸ ಕ್ರಮವನ್ನು ಕೇಳಿ ಬರುವವರು ಜಮೀನಿನ ಯಜಮಾನರು. ಹೊಲದಲ್ಲಿ ನಿಂತು ಅದನ್ನು ಮಾಡತಕ್ಕವರು ಜೀತಗಾರರಲ್ಲದ ಸ್ವತಂತ್ರ ಕೂಲಿಕಾರರು, ನೀರು ಹಾಯಿಸುವವರು, ನಾಟಿಯ ಹೆಂಗಸರು. ಕೇಳಿದ ಕಿವಿ ಒಬ್ಬರದು, ದುಡಿಯುವ ಕೈ ಮತ್ತೊಬ್ಬರದು. ಇವೆರಡರ ನಡುವೆ ವಿದ್ಯೆಯು ಸೋರಿಹೋಗದಂತೆ ನೋಡಿಕೊಳ್ಳುವುದು ಗ್ರಾಮದ ಮುಖ್ಯಸ್ಥರ ಮತ್ತು ಭೂಮಾಲೀಕರ ಕೆಲಸ. ಇದು ಹೇಗೆ ಸಾಧ್ಯವೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗುವುದು.

ಕಂಡದ್ದನ್ನು ನಂಬುವರು

ನಮ್ಮ ಸೀಮೆಯಲ್ಲಿ ಕೃಷಿ ಸಂಶೋಧನೆಯು ಹೊಸದಲ್ಲ. ಬಳ್ಳಾರಿಗೆ ಸಮೀಪದ ಹಗರಿಯಲ್ಲಿ 1906ರಲ್ಲಿಯೂ, ಸಿರುಗುಪ್ಪದಲ್ಲಿ 1937ರಲ್ಲಿಯೂ ಸಂಶೋಧನ ಕ್ಷೇತ್ರಗಳು ಏರ್ಪಟ್ಟವು. ಆಗ ಈ ಪ್ರಾಂತವು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ತುಂಗಭದ್ರೆಯ ನೀರು ನಮ್ಮ ಕರಿಯ ಭೂಮಿಗೆ ಹರಿದರೆ ಏನಾಗುವುದೆಂಬುದನ್ನು ಮುಂಚಿತವಾಗಿ ಅರಿಯುವುದು ಸಿರುಗುಪ್ಪದ ಕ್ಷೇತ್ರದ ಉದ್ದೇಶವಾಗಿತ್ತು. 1953ರಲ್ಲಿ ಕಾಲುವೆಗೆ ನೀರು ಬಂದಿತು. ಈಗ ಈ ಎರಡು ಕ್ಷೇತ್ರಗಳೂ ರಾಯಚೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಆದರೆ ಕ್ಷೇತ್ರದ ಬೇಲಿಯೊಳಗೆ ಬೆಳೆದ ಪೈರನ್ನು ನೋಡಿದ ರೈತನು, “ಸರಕಾರದ ಹಣ, ಸರಕಾರದ ಆಳು, ಅವರಿಗೆ ಬೆಳೆಯದೆ ಏನು?” ಎಂದು ಹೇಳಿ ಮನೆಗೆ ಹಿಂದಿರುಗಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದೇ ಮಾತು ಅಮೆರಿಕಾ ದೇಶದಲ್ಲಿಯೂ ಕೇಳಿಬಂದಿತ್ತು. ಸೀಮನ್ ನ್ಯಾಪ್ ಎಂಬವರು ಸರಕಾರದ ಮಾದರಿ ಕ್ಷೇತ್ರಗಳಿಂದ ರೈತರ ಮನಸ್ಸು ತಿರುಗದುದನ್ನು ಕಂಡು, 1903ರಲ್ಲಿ ಟೆಕ್ಸಾಸ್ ಸಂಸ್ಥಾನದ ಟೆರೆಲ್ ಎಂಬ ಊರಿನ ಬಳಿ ವಾಲ್ಟರ್ ಪೋರ್ಟರ್ ಎಂಬ ರೈತನ ಸ್ವಂತ ಜಮೀನಿನಲ್ಲಿಯೇ 70 ಎಕರೆಯನ್ನು ಆರಿಸಿ, ಅವನ ಕೈಯಿಂದಲೇ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡುವುದಕ್ಕಾಗಿ ಊರಿನ ವರ್ತಕರು ಒಂದು ನಿಧಿಯನ್ನು ಕೂಡಿಸಿದ್ದರು. ಆ ನಿಧಿಯನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಹಳೆಯ ಕ್ರಮದಿಂದ ಬರುತ್ತಿದ್ದುದಕ್ಕಿಂತ ಸುಮಾರು 700 ಡಾಲರು ಹೆಚ್ಚಾಗಿ ದೊರೆಯಿತೆಂದು ಆ ರೈತನು ಲೆಕ್ಕ ಹೇಳಿದನು. ನಮ್ಮ ದೇಶದಲ್ಲಿಯೂ 1964-65ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾತ್ಯಕ್ಷಿಕೆಗಳು ರೈತರ ಹೊಲಗಳಲ್ಲಿಯೇ ನಡೆದವು. ನೆರೆಯವನ ಹೊಲದಲ್ಲಿ ಕಂಡುದಕ್ಕೆ ಇರುವ ಬೆಲೆಯು ನೂರು ಭಾಷಣಗಳಿಗೂ ಇಲ್ಲವೆಂಬುದು ಇದರ ತಾತ್ಪರ್ಯ.

ನಾಲ್ಕು ಹೆಜ್ಜೆಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕಾದ ಕಾರ್ಖಾನೆಗಳಲ್ಲಿ ಹೊಸ ಕೆಲಸಗಾರರನ್ನು ಶೀಘ್ರವಾಗಿ ಸಿದ್ಧಪಡಿಸಬೇಕಾಗಿ ಬಂದಿತು. ಆಗ ಮೇಸ್ತ್ರಿಗಳಿಗೆ ಕಲಿಸುವ ಕ್ರಮವನ್ನೇ ನಾಲ್ಕು ಹೆಜ್ಜೆಗಳಲ್ಲಿ ಹೇಳಿಕೊಟ್ಟರು. ಮೊದಲನೆಯದು, ಕಲಿಯುವವನನ್ನು ಸಿದ್ಧಗೊಳಿಸುವುದು. ಎರಡನೆಯದು, ಕೆಲಸವನ್ನು ಮಾಡಿ ತೋರಿಸುವುದು. ಮೂರನೆಯದು, ಅವನಿಂದ ಮಾಡಿಸಿ ನೋಡುವುದು. ನಾಲ್ಕನೆಯದು, ಅನಂತರವೂ ಆಗಾಗ್ಗೆ ಹೋಗಿ ವಿಚಾರಿಸುವುದು. ಕಾರ್ಖಾನೆಗೆ ಸಲ್ಲುವ ಈ ಕ್ರಮವು ಕಮತಕ್ಕೂ ಸಲ್ಲುತ್ತದೆ.

ಸಿರುಗುಪ್ಪದ ಗದ್ದೆಗಳಿಗೆ ಸಂಬಂಧಿಸಿದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳನ್ನು ಬೇರ್ಪಡಿಸಬೇಕೆಂದು ಬಾಯಲ್ಲಿ ಹೇಳಿದರೆ, ಒಬ್ಬನು ಹಿಡಿ ಉಪ್ಪು ಹಾಕುವನು, ಮತ್ತೊಬ್ಬನು ಮೂಟೆ ಸುರಿಯುವನು. ಆದುದರಿಂದ ಮೊದಲು ಅವರ ಮನೆಯ ಬೀಜವನ್ನೇ ತರಿಸಿ, “ಸಸಿಮಡಿಯಲ್ಲಿ ಎಷ್ಟು ಬೀಜ ಹುಟ್ಟದೆ ಹೋಗುತ್ತದೆ?” ಎಂದು ಕೇಳತಕ್ಕದ್ದು. ಇದು ಮೊದಲನೆಯ ಹೆಜ್ಜೆ. ಬಳಿಕ ಒಂದು ತೊಟ್ಟಿಯಲ್ಲಿ ಬರಿಯ ನೀರನ್ನಿಟ್ಟು, ಹೊಸದಾದ ಕೋಳಿಮೊಟ್ಟೆಯನ್ನು ಅದರಲ್ಲಿ ಬಿಡಬೇಕು, ಅದು ಮುಳುಗುವುದು. ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತ ಹೋದರೆ ಮೊಟ್ಟೆಯು ಮೇಲಕ್ಕೆದ್ದು, ಸಣ್ಣ ನಾಣ್ಯದಷ್ಟು ಅಗಲ ನೀರಿನ ಮೇಲೆ ಕಾಣಿಸುವುದು. ಆಗ ಉಪ್ಪು ಸಾಕಾಯಿತೆಂದು ತಿಳಿಯಬೇಕು. ಬೀಜವನ್ನು ಹಾಕಿ ಕಲಕಿ, ತೇಲಿದುದನ್ನು ತೆಗೆದು, ಮುಳುಗಿದುದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ತೊಳೆಯದಿದ್ದರೆ ಉಪ್ಪಿನಿಂದ ಮೊಳಕೆಗೆ ಕೇಡು. ಇದು ಎರಡನೆಯ ಹೆಜ್ಜೆ.

ಇಲ್ಲಿಗೇ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ನೋಡಿದವರೆಲ್ಲರೂ ತಲೆಯಲ್ಲಾಡಿಸುವರು, “ತಿಳಿಯಿತೇ?” ಎಂದರೆ “ತಿಳಿಯಿತು” ಎನ್ನುವರು. ಯಜಮಾನನೆದುರು ತಿಳಿಯಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಆದಕಾರಣ ಆ ಪ್ರಶ್ನೆಯನ್ನೇ ಬಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರನ್ನೂ ಮೊಟ್ಟೆಯನ್ನೂ ಕೈಗೆ ಕೊಟ್ಟು, “ನೀನು ಮಾಡು, ಮಾಡುತ್ತ ಏತಕ್ಕೆ ಮಾಡುತ್ತೀಯೆಂಬುದನ್ನು ಹೇಳು” ಎನ್ನತಕ್ಕದ್ದು. ಕೈ ತಡವರಿಸಿದ ಕಡೆಯಲ್ಲಿ ಪಾಠವು ಸಾಲದೆಂದು ತಿಳಿದು, ಗದರಿಸದೆ ಅಲ್ಲಿಂದ ಮತ್ತೆ ತೋರಿಸಬೇಕು. ನಾಲ್ಕನೆಯ ಹೆಜ್ಜೆಯಾಗಿ, ನಿಜವಾದ ಬಿತ್ತನೆಯ ದಿನ ಒಮ್ಮೆ ಹೋಗಿ ನೋಡಬೇಕು.

ಪ್ರಾಣಕ್ಕೆ ಸಂಬಂಧಪಟ್ಟ ಪಾಠ

ಬೀಜದ ಕೆಲಸದಲ್ಲಿ ತಪ್ಪಿದರೆ ಹಣಕ್ಕೆ ನಷ್ಟ. ಕೀಟನಾಶಕದ ಕೆಲಸದಲ್ಲಿ ತಪ್ಪಿದರೆ ಮನುಷ್ಯನಿಗೇ ಅಪಾಯ. ಕುರುಗೋಡು, ಬಳ್ಳಾರಿ ಕಡೆಯ ಹತ್ತಿ ಮತ್ತು ಮೆಣಸಿನಕಾಯಿಯ ಹೊಲಗಳಲ್ಲಿ ಇದು ಪದೇಪದೇ ಬರುವ ಕೆಲಸ. ನಮ್ಮ ಜನರು ಇದನ್ನು “ಎಣ್ಣೆ ಹೊಡೆಯುವುದು” ಎನ್ನುವರು, ಇಲ್ಲವೆ “ಔಷಧಿ” ಎನ್ನುವರು. ಎಣ್ಣೆಯು ಅಡಿಗೆಮನೆಯ ವಸ್ತು, ಔಷಧಿಯು ರೋಗ ಕಳೆಯುವ ವಸ್ತು, ಹೆಸರೇ ಮೈಮರೆಸುವಂಥದು. ಕಲಿಸುವವನು ಮೊಟ್ಟಮೊದಲು ಅದನ್ನು ವಿಷವೆಂದೇ ಕರೆಯತಕ್ಕದ್ದು.

ಡಬ್ಬಿಯ ಚೀಟಿಯನ್ನು ಓದಲಾರದವರಿಗೂ ಅದರ ಮೇಲಿನ ಬಣ್ಣದ ತ್ರಿಕೋನವನ್ನು ಗುರುತಿಸುವುದನ್ನು ಕಲಿಸಬಹುದು. ಕೆಂಪು ಬಣ್ಣವು ಅತ್ಯಂತ ಉಗ್ರವಾದ ವಿಷಕ್ಕೆ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸುರು. ಹಸುರೆಂದರೆ ವಿಷವಲ್ಲವೆಂದು ಅರ್ಥವಲ್ಲ. ಮೊದಲನೆಯ ದಿನದ ಅಭ್ಯಾಸವನ್ನು ಬರಿಯ ನೀರಿನಿಂದಲೇ ಮಾಡಿಸಬೇಕು. ಪಂಪಿನಲ್ಲಿ ನೀರು ತುಂಬಿ ಬೆನ್ನಿಗೇರಿಸಿ ನಾಲ್ಕು ಸಾಲು ನಡೆಯಿಸಿದರೆ, ಸೋರುವ ಪಂಪು ಯಾವುದೆಂಬುದು ಒದ್ದೆಯಾದ ಅಂಗಿಯಿಂದಲೇ ತಿಳಿಯುವುದು. ಗಾಳಿಗೆ ಎದುರಾಗಿ ಹೊಡೆದರೆ ಹನಿಗಳು ಮುಖಕ್ಕೆ ಬರುವುದನ್ನು ನೀರಿನಲ್ಲಿಯೇ ಅನುಭವಿಸಿದವನು ಮುಂದೆ ಗಾಳಿಯನ್ನು ನೋಡದೆ ಹೊರಡಲಾರನು. ಕಟ್ಟಿಕೊಂಡ ಮೂತಿಯನ್ನು ಬಾಯಿಂದ ಊದಬಾರದೆಂಬುದನ್ನೂ, ಕೈ ತೊಳೆಯದೆ ಬೀಡಿ, ಎಲೆ ಅಡಿಕೆ, ಬುತ್ತಿಗಳನ್ನು ಮುಟ್ಟಬಾರದೆಂಬುದನ್ನೂ ಆ ಸ್ಥಳದಲ್ಲಿಯೇ ಹೇಳಬೇಕು. ಆದರೆ ಸಾಬೂನು, ನೀರು, ಕೈಗವುಸು, ಮುಖಕ್ಕೆ ಕಟ್ಟುವ ಮುಸುಕು ಇವುಗಳನ್ನು ಒದಗಿಸದ ಯಜಮಾನನು ಹೇಳುವ ಬುದ್ಧಿಮಾತು ನಿಷ್ಫಲ.

ಕಲಿಸುವವರು ಗಮನಿಸತಕ್ಕ ಸಂಗತಿಗಳು

ಗುತ್ತಿಗೆಯ ಮೇಲೆ ನಾಟಿ ಮಾಡುವ ಹೆಂಗಸರಿಗೆ ಹೊಸ ಕ್ರಮವನ್ನು ಕಲಿಸಹೊರಟರೆ ಮೊದಲ ದಿನಗಳಲ್ಲಿ ಕೆಲಸ ನಿಧಾನವಾಗುವುದು. ಎಕರೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ನಿಧಾನವೆಂದರೆ ನಷ್ಟ. ಅವರು ಹಳೆಯ ಪದ್ಧತಿಗೆ ತಿರುಗಿದರೆ ಅದು ಮೊಂಡತನವಲ್ಲ, ಹೊಟ್ಟೆಯ ಲೆಕ್ಕ. ಕಲಿಯುವ ದಿನಗಳಿಗೆ ದಿನಗೂಲಿಯನ್ನು ಗೊತ್ತುಮಾಡಿದರೆ ಈ ತೊಡಕು ಪರಿಹಾರವಾಗುವುದು. ಗುಂಪಿನ ಮುಂದಾಳಾದ ಹೆಂಗಸಿಗೆ ಮೊದಲು ಕಲಿಸಿದರೆ ಉಳಿದವರಿಗೆ ಆಕೆಯೇ ಕಲಿಸುವಳು.

ಒಂದು ಸಲಕ್ಕೆ ಒಂದೇ ಕೆಲಸವನ್ನು, ಅದು ನಡೆಯುವ ಋತುವಿಗೆ ಸ್ವಲ್ಪ ಮುಂಚೆ, ಹತ್ತು ಹದಿನೈದು ಮಂದಿಗೆ ಮೀರದಂತೆ ಕಲಿಸುವುದು ಲೇಸು. ಹಿಂದೆ ನಿಂತವನಿಗೆ ಕೈಕೆಲಸ ಕಾಣದಿದ್ದರೆ ಅವನು ಬಂದುದು ವ್ಯರ್ಥ. ನಮ್ಮ ಸೀಮೆಯಲ್ಲಿ ಕನ್ನಡದವರೊಡನೆ ತೆಲುಗಿನವರೂ ಉರ್ದುವಿನವರೂ ದುಡಿಯುತ್ತಾರೆ. ಅವರಿಗೆ ತಿಳಿಯುವ ಭಾಷೆಯಲ್ಲಿ, ಅವರ ಮನೆಯಲ್ಲಿರುವ ಅಳತೆಯ ಪಾತ್ರೆಯನ್ನೇ ಹಿಡಿದು ಹೇಳಬೇಕು.

ಹೊಸ ಕ್ರಮವನ್ನು ಊರಿಗೆ ತೋರಿಸುವಾಗ, ದಾರಿಯ ಬದಿಯ ಹೊಲವನ್ನು ಎರಡು ಭಾಗಮಾಡಿ, ಒಂದರಲ್ಲಿ ಹಳೆಯ ಕ್ರಮವನ್ನೂ ಇನ್ನೊಂದರಲ್ಲಿ ಹೊಸದನ್ನೂ ನಡೆಸಬೇಕು. ಪರೀಕ್ಷಿಸುವ ವಿಷಯವೊಂದನ್ನು ಬಿಟ್ಟು ಬೀಜ, ಗೊಬ್ಬರ, ಉಳುಮೆ ಎಲ್ಲವೂ ಎರಡಕ್ಕೂ ಸಮನಾಗಿರಬೇಕು. ಖರ್ಚನ್ನು ಬರೆದಿಟ್ಟು, ಸುಗ್ಗಿಯಲ್ಲಿ ಎರಡರ ಬೆಳೆಯನ್ನೂ ಹತ್ತು ಜನರೆದುರಿಗೆ ತೂಗಬೇಕು. ಹೊಸ ಕ್ರಮವು ಸೋತರೆ ಸೋತಿತೆಂದೇ ಹೇಳಬೇಕು. ಒಮ್ಮೆ ಮುಚ್ಚಿಟ್ಟವನ ಮಾತನ್ನು ಮುಂದಿನ ವರ್ಷ ಯಾರೂ ಕೇಳರು.

ಕಾಲುವೆಯ ನೀರಿನ ವಿಷಯದಲ್ಲಿ ಈ ಎಚ್ಚರಿಕೆಯು ಇನ್ನೂ ಅವಶ್ಯ. ನೀರು ಹೆಚ್ಚಾದಷ್ಟು ಪೈರು ಹೆಚ್ಚೆಂದು ನಂಬಿದವನು ಮಡುಗಟ್ಟಿ ನಿಲ್ಲಿಸಿದ ನೀರಿನಿಂದ ಅಂತರ್ಜಲವು ಮೇಲಕ್ಕೇರಿ, ನೆಲದೊಳಗಿನ ಲವಣವು ಮೇಲೆ ಬಂದು, ಭೂಮಿ ಚೌಳಾಗುವುದು. ಚೌಳಾದ ನೆಲವನ್ನು ಸರಿಪಡಿಸಲು ಬಸಿಗಾಲುವೆ ಮೊದಲಾದುವಕ್ಕೆ ತಗಲುವ ವೆಚ್ಚಕ್ಕೆ ಹೋಲಿಸಿದರೆ, ನೀರು ಹಾಯಿಸುವವನಿಗೆ ಕೆಲಸ ಕಲಿಸಲು ಬೇಕಾದ ಎರಡು ದಿನದ ಕೂಲಿಯು ಏನೂ ಅಲ್ಲ.

ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿಯೂ ಸಲಹೆ ದೊರೆಯುವುದು. ಅಲ್ಲಿನ ತರಬೇತಿಗೆ ಯಜಮಾನರು ತಾವೊಬ್ಬರೇ ಹೋಗದೆ, ಆ ಕೆಲಸವನ್ನು ಕೈಯಾರೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗತಕ್ಕದ್ದು. ಅವರ ಆ ದಿನದ ಕೂಲಿಯನ್ನು ಬೀಜ ಗೊಬ್ಬರಗಳ ಖರ್ಚಿನೊಡನೆಯೇ ಬರೆದುಕೊಳ್ಳುವುದು ಯುಕ್ತ.