ತ್ರಿಕೋನ ಪ್ರೇಮಕ್ಕೆ ಕಾರಣ ಸಿಕ್ಕ ಬಗೆ

ಚಿತ್ರ, ಸಂಗೀತ ಮತ್ತು ಪರದೆಯ ಮೇಲೆ ಸಾಲುಸಾಲಾಗಿ ಮೂಡುವ ಬರಹವನ್ನು ಬೆಸೆದು, ನಡುನಡುವೆ ಓದುಗರ ಮುಂದೆ ಆಯ್ಕೆಗಳನ್ನಿಟ್ಟು ಕಥೆಯ ದಾರಿಯನ್ನು ಅವರೇ ತೀರ್ಮಾನಿಸುವಂತೆ ಮಾಡುವ ‘ವಿಷುವಲ್ ನಾವೆಲ್’ ಜಪಾನಿನಲ್ಲಿ 1990ರ ದಶಕದಲ್ಲಿ ಬೇರೂರಿದ ಪ್ರಕಾರ. ಪ್ರೇಮವೇ ಅದರ ದೊಡ್ಡ ಬಂಡವಾಳವಾಗಿದ್ದರೂ ತ್ರಿಕೋನ ಪ್ರೇಮ ಮಾತ್ರ ಅದಕ್ಕೆ ಬಹುಕಾಲ ಒಗ್ಗಲಿಲ್ಲ. ಒಬ್ಬ ನಾಯಕಿಯನ್ನು ಆರಿಸಿಕೊಂಡೊಡನೆ ಕಥೆ ಆಕೆಗಷ್ಟೇ ಮೀಸಲಾದ ಕವಲಿಗೆ, ಅಂದರೆ ‘ರೂಟ್’ಗೆ ಹೊರಳುತ್ತಿದ್ದುದರಿಂದ, ಉಳಿದವಳ ನೋವನ್ನು ಬರೆಯಲು ಲೇಖಕನಿಗೆ ಜಾಗವೇ ಸಿಗುತ್ತಿರಲಿಲ್ಲ.

ಈ ಪ್ರಕಾರದ ನೆರೆಯಲ್ಲೇ ಇದ್ದ ಪ್ರಣಯ ಸಿಮ್ಯುಲೇಷನ್ ಆಟಗಳು ಅಸೂಯೆಯನ್ನು ಲೆಕ್ಕಾಚಾರವಾಗಿಸಿದ್ದವು. ಕೊನಾಮಿ ಸಂಸ್ಥೆ 1994ರಲ್ಲಿ ತಂದ ‘ತೊಕಿಮೆಕಿ ಮೆಮೊರಿಯಲ್’ನಲ್ಲಿ ಬಹುದಿನ ಕಡೆಗಣಿಸಿದ ಹುಡುಗಿಯ ಹೆಸರಿನ ಬಳಿ ಬಾಂಬಿನ ಚಿಹ್ನೆ ಕಾಣಿಸಿಕೊಳ್ಳುತ್ತಿತ್ತು, ಅದು ಸಿಡಿದರೆ ಇತರ ಹುಡುಗಿಯರ ಒಲವೂ ಕುಸಿಯುತ್ತಿತ್ತು. ಹೊಟ್ಟೆಕಿಚ್ಚು ಅಲ್ಲಿತ್ತು, ಅದನ್ನು ಅನುಭವಿಸುವ ಮನಸ್ಸಿರಲಿಲ್ಲ. ಲೀಫ್ ಸಂಸ್ಥೆಯ ‘ವೈಟ್ ಆಲ್ಬಮ್’ (1998) ನಾಯಕನಿಗೆ ಮೊದಲೇ ಒಬ್ಬ ಪ್ರೇಯಸಿಯನ್ನು ಕೊಟ್ಟು, ಬೇರೊಬ್ಬಳತ್ತ ಇಡುವ ಪ್ರತಿ ಹೆಜ್ಜೆಯನ್ನೂ ದ್ರೋಹವಾಗಿಸಿತಾದರೂ, ಗಾಯಕಿಯಾದ ಆ ಪ್ರೇಯಸಿಗೆ ಬಿಡುವಿಲ್ಲ ಎಂಬ ಸಂದರ್ಭದ ಮೇಲೆಯೇ ಹೆಚ್ಚಿನ ಭಾರ ಹೊರಿಸಿತು.

2001ರಲ್ಲಿ ಆಜ್ ಸಂಸ್ಥೆ ತಂದ ‘ಕಿಮಿ ಗಾ ನೊಜೊಮು ಎಯೆನ್’ ಇನ್ನೂ ಮುಂದೆ ಹೋಯಿತು. ಗೆಳತಿ ಮಿತ್ಸುಕಿ ತನ್ನ ಹುಟ್ಟುಹಬ್ಬದಂದು ನಾಯಕನನ್ನು ತಡೆದು ಉಂಗುರ ಕೊಡಿಸಿಕೊಳ್ಳುತ್ತಾಳೆ. ಅವನು ತಡವಾಗಿ ತಲುಪುವಷ್ಟರಲ್ಲಿ, ಅವನಿಗಾಗಿ ಕಾದಿದ್ದ ಪ್ರೇಯಸಿ ಹರುಕಾ ಅಪಘಾತಕ್ಕೀಡಾಗಿ ಪ್ರಜ್ಞೆ ಕಳೆದುಕೊಂಡಿರುತ್ತಾಳೆ. ಮೂರು ವರ್ಷಗಳ ನಂತರ ಆಕೆ ಕಣ್ತೆರೆಯುವಾಗ ಅವನು ಮಿತ್ಸುಕಿಯವನಾಗಿರುತ್ತಾನೆ. ಅವರಿಬ್ಬರನ್ನು ಕೂಡಿಸಿದ್ದು ಒಲವಿನಷ್ಟೇ ಅಪರಾಧಪ್ರಜ್ಞೆಯೂ ಆದ್ದರಿಂದ, ಯಾರನ್ನು ಆರಿಸಿದರೂ ಓದುಗರ ಕೈಗೆ ಕಳಂಕ ಅಂಟುತ್ತದೆ. ಆದರೂ ಇಲ್ಲಿ ಕಥೆಯನ್ನು ತಿರುಗಿಸಲು ಒಂದು ಕಾರು ಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಅಂಥ ಹೊರಗಿನ ಆಸರೆ ಇಲ್ಲದೆ ತ್ರಿಕೋನವನ್ನು ಕಟ್ಟಿದವರು ಫುಮಿಆಕಿ ಮಾರುತೊ. ಅವರು ಬರೆದ ‘ವೈಟ್ ಆಲ್ಬಮ್ 2’ ಎರಡು ಭಾಗಗಳಲ್ಲಿ, 2010ರ ಮಾರ್ಚ್ ಮತ್ತು 2011ರ ಡಿಸೆಂಬರ್‌ನಲ್ಲಿ, ಲೀಫ್‌ನಿಂದಲೇ ಹೊರಬಂತು. ಶಾಲೆಯ ಸಂಗೀತ ಕೊಠಡಿಯಲ್ಲಿ ನಾಯಕ ಹರುಕಿ ಗಿಟಾರ್ ನುಡಿಸುವಾಗ ಪಕ್ಕದ ಕೊಠಡಿಯಿಂದ ಕಜುಸಾಳ ಪಿಯಾನೊ, ಮಹಡಿಯ ಮೇಲಿಂದ ಸೆತ್ಸುನಾಳ ಹಾಡು ಬಂದು ಸೇರುತ್ತವೆ. ಹಾಡು 1998ರ ಆಟದ್ದೇ. ಶಾಲೋತ್ಸವದ ಪ್ರದರ್ಶನ ಮುಗಿದ ಮೇಲೆ, ದಣಿದು ಮಲಗಿದ ಹರುಕಿಗೆ ಕಜುಸಾ ಮುತ್ತಿಡುವುದನ್ನು ಕಂಡ ಸೆತ್ಸುನಾ ಬಾಯಿಬಿಡದೆ, ತಾನೇ ಮೊದಲಾಗಿ ಅವನಿಗೆ ಪ್ರೇಮ ನಿವೇದಿಸುತ್ತಾಳೆ. ಆಕೆಯನ್ನು ಮುಂದೆ ನೂಕಿದ್ದು ಗೆಲ್ಲುವ ಹಟವಲ್ಲ, ಆ ಇಬ್ಬರು ಒಂದಾದರೆ ಮೂವರ ಗುಂಪಿನಿಂದ ತಾನು ಹೊರಗುಳಿಯುತ್ತೇನೆಂಬ ಭಯ. ಇದನ್ನು ಓದುಗರಿಗೆ ತಡವಾಗಿ ತಿಳಿಸಿದ್ದರಿಂದ, ಮುಗ್ಧವೆಂದು ಓದಿಕೊಂಡಿದ್ದ ಹಿಂದಿನ ಮಾತುಗಳೆಲ್ಲ ಬೇರೆಯೇ ಅರ್ಥ ಹೊತ್ತು ನಿಲ್ಲುತ್ತವೆ. ಮೊದಲ ಭಾಗದಲ್ಲಿ ಆಯ್ಕೆಯ ಅವಕಾಶವನ್ನೇ ತೆಗೆದುಹಾಕಿದ್ದು ಮಾರುತೊ ಅವರ ಅತ್ಯಂತ ದಿಟ್ಟ ನಿರ್ಧಾರ, ಏಕೆಂದರೆ ತಪ್ಪು ನಡೆದುಹೋದ ಮೇಲಷ್ಟೇ ಓದುಗರಿಗೆ ಮಾತು ದಕ್ಕುತ್ತದೆ. ಇಬ್ಬರು ಹುಡುಗಿಯರಿಗೆ ನಾಯಕನ ಮೇಲಿನ ಒಲವಿನಷ್ಟೇ ಪರಸ್ಪರ ಸ್ನೇಹವೂ ಬೇಕಾಗಿತ್ತೆಂಬುದೇ ಈ ಕೃತಿಯನ್ನು ಹಿಂದಿನವುಗಳಿಗಿಂತ ಮೇಲಕ್ಕೆತ್ತಿದ ಅಂಶ.

2013ರಲ್ಲಿ ಮಾರುತೊ ಅವರದೇ ಚಿತ್ರಕಥೆಯೊಂದಿಗೆ ಪ್ರಸಾರವಾದ 13 ಕಂತುಗಳ ಅನಿಮೆ ಮೊದಲ ಭಾಗವನ್ನಷ್ಟೇ ಒಳಗೊಂಡಿದೆ. ಸೆತ್ಸುನಾಳ ಆ ನಡೆಗೆ ಮೂವರೂ ತೆತ್ತ ಬೆಲೆಯನ್ನು ತಿಳಿಯಬಯಸುವವರು ಮೂಲ ಆಟದ ಎರಡನೆಯ ಭಾಗಕ್ಕೇ ಹೋಗಬೇಕು.